ದೀಪಿಕಾ ಪಡುಕೋಣೆ ಅವರ ಮೊದಲ ಸಿನಿಮಾ ಯಾವುದು? ಮಾಡೆಲಿಂಗ್‌ನಿಂದ ಬಂದವರಾ?

ಮೊದಲ ಸಿನಿಮಾ ಕನ್ನಡದ್ದೇ! 2006ರ 'ಐಶ್ವರ್ಯ', ಉಪೇಂದ್ರ ಜೊತೆ. ಜಾಸ್ತಿ ಜನ 2007ರ 'ಓಂ ಶಾಂತಿ ಓಂ' ಅಂದುಕೊಂಡಿರುತ್ತಾರೆ. ಅದು ಮೊದಲ ಹಿಂದಿ ಸಿನಿಮಾ, ಅದರಲ್ಲಿ ಅವರ ದನಿ ಡಬ್ ಮಾಡಿದ್ದು ಬೇರೆಯವರು.

ಹುಟ್ಟಿದ್ದು 1986ರಲ್ಲಿ ಕೋಪನ್‌ಹೇಗನ್‌ನಲ್ಲಿ, ಬೆಳೆದದ್ದು ನಮ್ಮ ಬೆಂಗಳೂರಿನಲ್ಲಿ. ಅಪ್ಪ ಬ್ಯಾಡ್ಮಿಂಟನ್ ದಿಗ್ಗಜ ಪ್ರಕಾಶ್ ಪಡುಕೋಣೆ. ಮಗಳೂ ಸುಮ್ನೆ ಆಡಿದವರಲ್ಲ, ರಾಷ್ಟ್ರಮಟ್ಟದವರೆಗೂ ಆಡಿದ್ದಾರೆ. ಬೆಳಗ್ಗೆ ಐದಕ್ಕೆ ಎದ್ದು ವ್ಯಾಯಾಮ, ಆಮೇಲೆ ಸ್ಕೂಲು, ಮತ್ತೆ ಆಟ, ರಾತ್ರಿ ಹೋಂವರ್ಕ್. ಹತ್ತನೇ ಕ್ಲಾಸಿನ ಹೊತ್ತಿಗೆ ಅದೆಲ್ಲ ಬಿಟ್ಟು ಮಾಡೆಲಿಂಗ್ ಆರಿಸಿಕೊಂಡರು. ಆ ವಯಸ್ಸಿಗೆ ದೊಡ್ಡ ಧೈರ್ಯವೇ ಅಲ್ವಾ? 2005ರಲ್ಲಿ ಲ್ಯಾಕ್ಮೆ ಫ್ಯಾಷನ್ ವೀಕ್‌ನಲ್ಲಿ ಮಾಡೆಲ್ ಆಗಿ ರ‍್ಯಾಂಪ್ ಮೇಲೆ ನಡೆದರು.

ನನಗೆ ಹೆಚ್ಚು ಗೌರವ ಮೂಡಿಸಿದ್ದು 2015ರ ಮಾತು. ತಮಗಿದ್ದ ಖಿನ್ನತೆಯನ್ನು ಟಿವಿಯಲ್ಲಿ ಬಿಚ್ಚಿ ಹೇಳಿ, ಅದೇ ವರ್ಷ ಮಾನಸಿಕ ಆರೋಗ್ಯಕ್ಕಾಗಿ 'ಲಿವ್ ಲವ್ ಲಾಫ್' ಸಂಸ್ಥೆ ಕಟ್ಟಿದರು. ದಾವಣಗೆರೆ ಕಡೆಯ ಹಳ್ಳಿಗಳಲ್ಲೂ ಅದು ಕೆಲಸ ಮಾಡಿದೆ.