ಐದಕ್ಕೆ ಮೂರು ಬಂದರೆ ಪಾಸೇ?

ದಾವಣಗೆರೆಯ ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬರ ಪತ್ರ: ‘ಪ್ರಬಂಧಕ್ಕೆಂದು ಕೆಲವು ಚಿಕಿತ್ಸಾ ಪ್ರಯೋಗಗಳನ್ನು ಆರಿಸಿಕೊಂಡಿದ್ದೇನೆ. ಪ್ರಯೋಗದ ಗುಣಮಟ್ಟ ಅಳೆಯುವ ಜಡಾಡ್ ಸ್ಕೇಲ್‌ನಲ್ಲಿ ಅಂಕ ಹಾಕಿ, ಐದಕ್ಕೆ ಮೂರು ಬಾರದವನ್ನು ಕೈಬಿಡಿ ಎಂದು ಗೈಡ್ ಹೇಳಿದ್ದಾರೆ. ಇದು ಸರಿಯೇ?’

ಸಂಪಾದಕರ ಉತ್ತರ: ಅಂಕ ನೋಡಿ ಕೈಬಿಡಬೇಡಿ. 1996ರ ಜಡಾಡ್ ಸ್ಕೇಲ್ ಬಳಸಲು ಸುಲಭ, ಅದಕ್ಕೇ ಇಷ್ಟು ಪ್ರಚಾರ. ಆದರೆ ಅದರ ಐದು ಅಂಕಗಳಲ್ಲಿ ಎರಡು ‘ಬ್ಲೈಂಡಿಂಗ್’ಗೇ, ಅಂದರೆ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಮರೆಮಾಚುವುದಕ್ಕೇ ಮೀಸಲು. ವ್ಯಾಯಾಮ ಮಾಡುತ್ತಿರುವ ರೋಗಿಗೆ ತಾನು ಯಾವ ಗುಂಪಿನಲ್ಲಿದ್ದೇನೆಂಬುದು ಗೊತ್ತಾಗದಂತೆ ಮಾಡುವುದು ಹೇಗೆ? ನರ್ಸಿಂಗ್ ವಿಷಯದ ಎಷ್ಟೋ ಪ್ರಯೋಗಗಳು ಆ ಎರಡು ಅಂಕ ಕಳೆದುಕೊಂಡೇ ಹೊರಡುತ್ತವೆ. ಮುಂದಿನ ರೋಗಿ ಯಾವ ಗುಂಪಿಗೆ ಹೋಗುತ್ತಾನೆಂಬುದು ಸೇರಿಸಿಕೊಳ್ಳುವವರಿಗೆ ಮೊದಲೇ ತಿಳಿದಿತ್ತೇ ಎಂಬ ಅತಿ ಮುಖ್ಯ ಪ್ರಶ್ನೆಯನ್ನು ಆ ಸ್ಕೇಲ್ ಕೇಳುವುದೇ ಇಲ್ಲ.

ಆ ಪ್ರಶ್ನೆ ಯಾಕೆ ಮುಖ್ಯ ಎಂಬುದಕ್ಕೆ ಬ್ರಿಟನ್ನಿನಲ್ಲಿ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಪ್ರಯೋಗವನ್ನೇ (ವರದಿ 1948ರದು) ನೋಡಿ. ರೋಗಿಯನ್ನು ಸೇರಿಸಿಕೊಳ್ಳುವ ತೀರ್ಮಾನ ಆದಮೇಲಷ್ಟೇ ಯಾವ ಗುಂಪೆಂದು ಬರೆದಿಟ್ಟು ಮೊಹರು ಹಾಕಿದ ಲಕೋಟೆ ಒಡೆಯುತ್ತಿದ್ದರು. ಗಟ್ಟಿಮುಟ್ಟಾದವರನ್ನು ಔಷಧಿಯ ಕಡೆಗೆ ತಳ್ಳಲು ಯಾರಿಗೂ ದಾರಿ ಇರಲಿಲ್ಲ. ಎಕ್ಸ್‌ರೇ ಓದಿದವರಿಗೂ ಅದು ಯಾವ ಗುಂಪಿನ ರೋಗಿಯದೆಂದು ಗೊತ್ತಿರಲಿಲ್ಲ. ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ 4 ಮಂದಿ, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14 ಮಂದಿ ತೀರಿಕೊಂಡರು. ಆ ವ್ಯತ್ಯಾಸವನ್ನು ನಂಬಲು ಲಕೋಟೆಯೇ ಮೊದಲ ಕಾರಣ.

ಅಂಕ ಕೂಡಿಸುವುದರ ಅಪಾಯವನ್ನು 1999ರಲ್ಲೇ ಪೀಟರ್ ಯೂನಿ ಮತ್ತು ಸಂಗಡಿಗರು ತೋರಿಸಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್‌ನ ಎರಡು ಬಗೆಗಳನ್ನು ಹೋಲಿಸಿದ ಅವೇ 17 ಪ್ರಯೋಗಗಳನ್ನು 25 ಸ್ಕೇಲ್‌ಗಳಿಂದ ಅಳೆದರು. ‘ಉತ್ತಮ’ ಪ್ರಯೋಗಗಳು ಯಾವುವು, ಅವು ಯಾವ ಚಿಕಿತ್ಸೆಯ ಪರ ಎಂಬ ಉತ್ತರ ಸ್ಕೇಲ್ ಬದಲಾದಂತೆ ಬದಲಾಯಿತು.

ನೀವು ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ‘ರಿಸ್ಕ್ ಆಫ್ ಬಯಾಸ್ 2’ (ಪಕ್ಷಪಾತದ ಅಪಾಯ ಅಳೆಯುವ ಸಾಧನ) ಹಿಡಿಯಿರಿ. ಗುಂಪು ಹಂಚಿದ ರೀತಿ, ಯೋಜಿಸಿದ ಚಿಕಿತ್ಸೆ ಬಿಟ್ಟು ಬೇರೆ ನಡೆದದ್ದು, ಸಿಗದ ಮಾಹಿತಿ, ಫಲಿತಾಂಶ ಅಳೆದ ಬಗೆ, ಬೇಕಾದ ಫಲಿತಾಂಶವನ್ನಷ್ಟೇ ಆಯ್ದು ಪ್ರಕಟಿಸಿದರೇ ಎಂಬುದು, ಹೀಗೆ ಐದು ಕಡೆ ಪ್ರತ್ಯೇಕವಾಗಿ ತೀರ್ಪು ಕೊಡಬೇಕು. ಅಂಕವಿಲ್ಲ. ಕೊನೆಯದಕ್ಕೆ ನಮ್ಮ ದೇಶದ ಪ್ರಯೋಗವಾದರೆ ಸಿಟಿಆರ್‌ಐ (ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ತೆರೆದು, ಮುಖ್ಯ ಫಲಿತಾಂಶವೆಂದು ಅಲ್ಲಿ ಬರೆಸಿದ್ದೂ ಲೇಖನದಲ್ಲಿರುವುದೂ ಒಂದೇನಾ ನೋಡಿ. ಇದನ್ನು ಯಾರು ಬೇಕಾದರೂ ನೋಡಬಹುದು, ಆದರೂ ನೋಡುವವರು ತೀರಾ ಕಡಿಮೆ ಎನ್ನುವುದು ನನಗೆ ಬೇಸರದ ಸಂಗತಿ.

ಕೋಹಾರ್ಟ್ (ಒಂದು ಗುಂಪಿನ ಜನರನ್ನು ಕಾಲಾಂತರದಲ್ಲಿ ಗಮನಿಸುವ) ಅಥವಾ ಸಮೀಕ್ಷಾ ಅಧ್ಯಯನಗಳೂ ಇದ್ದರೆ ಇದು ನಡೆಯದು, ಅವಕ್ಕೆ ಜೆಬಿಐ ಎಂಬ ಸಂಶೋಧನಾ ಸಂಸ್ಥೆಯ ಬೇರೆ ಬೇರೆ ಚೆಕ್‌ಲಿಸ್ಟ್‌ಗಳಿವೆ. ಕಾನ್ಸರ್ಟ್ (CONSORT) ಎಂಬ ಮಾರ್ಗಸೂಚಿ ಮಾತ್ರ ಬೇಡ, ಅದು ವರದಿ ಹೇಗೆ ಬರೆಯಬೇಕೆಂದು ಹೇಳುತ್ತದೆ, ಪ್ರಯೋಗ ಹೇಗೆ ನಡೆಯಿತೆಂದು ತೂಗುವುದಿಲ್ಲ.

ಗೆಳತಿಯೊಬ್ಬರೂ ಬೇರೆ ಕೂತು ತೀರ್ಪು ಬರೆಯಲಿ, ಹೊಂದದ ಕಡೆ ಇಬ್ಬರೂ ಚರ್ಚಿಸಿ. ದುರ್ಬಲ ಪ್ರಯೋಗಗಳನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಫಲಿತಾಂಶ ಲೆಕ್ಕ ಹಾಕಿ, ಎರಡನ್ನೂ ಗೈಡ್ ಮುಂದಿಡಿ.