ವಾಪಸ್ ಹೋದ ಆಟೋ

ನಾನು ಆಪ್ತಸಲಹೆ ಕೊಟ್ಟ ಒಬ್ಬ ಪೊಲೀಸರ ಕಥೆ ಇದು. ಹೆಸರು, ಊರು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಸುರೇಶ ಅಂತ ಕರೆಯೋಣ. ವಯಸ್ಸು 38, ಕಾಸರಗೋಡು ಜಿಲ್ಲೆಯ ಪೊಲೀಸ್. ಮನೆಯಲ್ಲಿ ಕನ್ನಡ, ಠಾಣೆಯಲ್ಲಿ ಮಲಯಾಳಂ.

2020ರ ಜುಲೈಯಲ್ಲಿ ಮೊದಲು ಫೋನ್ ಮಾಡಿದ್ದು ಅವರ ಹೆಂಡತಿ. "ಮೇಡಂ, ಇವರು ಮನೆಯೊಳಗೇ ಬರುವುದಿಲ್ಲ. ಅಡಿಕೆ ರಾಶಿ ಹಾಕುವ ಕೋಣೆಯಲ್ಲಿ ಮಲಗುತ್ತಾರೆ. ಮಗಳು ಹತ್ತಿರ ಹೋದರೆ ಗದರುತ್ತಾರೆ."

ಕೋವಿಡ್ ಸೋಂಕಿನ ಹೆದರಿಕೆ ಅಂದುಕೊಂಡೆ. ಆಗ ಎಷ್ಟೋ ಪೊಲೀಸರು ಹಾಗೇ ಬೇರೆ ಮಲಗುತ್ತಿದ್ದರು. ಸುರೇಶರಿಗೆ ಉಸಿರಿನ ಅಭ್ಯಾಸ ಹೇಳಿಕೊಟ್ಟೆ: ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಆಮೇಲೆ ಎರಡು ವಾರ ಅವರು ಫೋನ್ ಎತ್ತಲಿಲ್ಲ. ತಪ್ಪು ನನ್ನದೇ. ನೋವು ಎಲ್ಲಿ ಅಂತ ಕೇಳುವ ಮೊದಲೇ ಮದ್ದು ಹೇಳಿದ್ದೆ.

ಮೂರನೆಯ ಸಲ ಸುಮ್ನೆ ಕೇಳಿದೆ, "ನಿದ್ದೆ ಬಾರದಾಗ ಕಣ್ಣೆದುರು ಏನು ಬರುತ್ತದೆ?"

ತುಂಬಾ ಹೊತ್ತಿನ ಮೇಲೆ ಹೇಳಿದರು, "ಒಂದು ಆಟೋ."

ಅದು ಮಾರ್ಚ್ ಕೊನೆ. ಕೇರಳದಲ್ಲಿ ಆಗ ಜಾಸ್ತಿ ಸೋಂಕು ಇದ್ದದ್ದು ನಮ್ಮ ಜಿಲ್ಲೆಯಲ್ಲೇ. ಮಂಗಳೂರಿಗೆ ಹೋಗುವ ರಸ್ತೆಗಳು ಮುಚ್ಚಿದ್ದವು, ಕೆಲವು ಕಡೆ ಮಣ್ಣನ್ನೇ ಸುರಿದಿದ್ದರು. ಇಲ್ಲಿನವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರೇ ಅಲ್ವಾ? ಆ ಆಟೋದಲ್ಲಿ ಇದ್ದದ್ದು ಪಕ್ಕದ ಮನೆಯ ದೊಡ್ಡಮ್ಮ. ವಾರಕ್ಕೆರಡು ಸಲ ಡಯಾಲಿಸಿಸ್. ಇವರನ್ನು ಕಂಡದ್ದೇ ಅವರ ಮುಖ ಅರಳಿತಂತೆ. "ನೀನಿದ್ದೀಯಲ್ಲ ಮಾರಾಯ, ಇನ್ನು ಹೆದರಿಕೆ ಇಲ್ಲ" ಅಂದರಂತೆ. ಮುಂದೆ ದಾರಿಯೇ ಇಲ್ಲ ಅಂತ ಸುರೇಶ ಆಟೋ ತಿರುಗಿಸಿ ಕಳಿಸಿದರು. ಕಾಸರಗೋಡು ಕಡೆ ಬೇರೆ ವ್ಯವಸ್ಥೆ ಆಯಿತು, ಆದರೆ ತಡವಾಗಿ. ಮೇ ತಿಂಗಳಲ್ಲಿ ದೊಡ್ಡಮ್ಮ ತೀರಿಕೊಂಡರು. ಇವರು ಆ ಮನೆಗೆ ಹೋಗಲೇ ಇಲ್ಲ.

ಮಗಳನ್ನು ದೂರ ಇಟ್ಟದ್ದು ವೈರಸ್ಸಿಗೆ ಹೆದರಿ ಮಾತ್ರ ಅಲ್ಲ. "ನನ್ನನ್ನು ನಂಬಿದವರಿಗೆ ಒಳ್ಳೆಯದಾಗಲಿಲ್ಲ" ಅಂತ ಅವರ ಮನಸ್ಸಿಗೆ ಅಂಟಿಕೊಂಡಿತ್ತು. ಇದನ್ನು ಪುಕ್ಕಲುತನ ಅನ್ನಬಾರದು. ಒಳ್ಳೆಯ ಮನುಷ್ಯನಿಗೆ, ತನ್ನ ಮನಸ್ಸು ಒಪ್ಪದ ಕೆಲಸ ಮಾಡಬೇಕಾಗಿ ಬಂದಾಗ ಆಗುವ ಗಾಯ ಇದು. ಧೈರ್ಯ ಹೇಳಿದರೆ ವಾಸಿಯಾಗದು.

ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಇಲ್ಲ ಅಂದರು. ಆದರೆ ಮದ್ಯದಂಗಡಿ ತೆರೆದ ಮೇಲೆ ನಿದ್ದೆಗೋಸ್ಕರ ದಿನಾ ಕುಡಿಯುತ್ತಿದ್ದರು. ಕುಡಿದರೆ ಬೇಗ ಕಣ್ಣು ಮುಚ್ಚುತ್ತದೆ, ಆದರೆ ನಡುರಾತ್ರಿ ಎಚ್ಚರವಾಗುತ್ತದೆ ಅಂತ ವಿವರಿಸಿ, ಮನೋವೈದ್ಯರ ಹತ್ತಿರ ಕಳಿಸಿದೆ.

ಒಂದು ಕಾಗದದ ನಡುವೆ ಗೆರೆ ಎಳೆಯಲು ಹೇಳಿದೆ. ಆ ದಿನ ನಿಮ್ಮ ಕೈಯಲ್ಲಿದ್ದದ್ದು ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ. ರಸ್ತೆ ತೆರೆಯುವುದು ಅವರ ಕೈಯಲ್ಲಿ ಇರಲಿಲ್ಲ. ಆಟೋದವನ ನಂಬರ್ ತೆಗೆದುಕೊಂಡು, ಮೇಲಧಿಕಾರಿಗೆ ಮೂರು ಸಲ ಫೋನ್ ಮಾಡಿದ್ದರು. ಅದು ಅವರಿಗೇ ಮರೆತುಹೋಗಿತ್ತು! ಡ್ಯೂಟಿ ಮುಗಿಸಿ ಬಂದವರು ಹೇಗೂ ಹೊರಗಿನ ಬಚ್ಚಲಲ್ಲಿ ಸ್ನಾನ ಮಾಡುತ್ತಿದ್ದರು. ಸ್ನಾನವಾದ ಮೇಲೆ ಹತ್ತು ನಿಮಿಷ ಮಗಳ ಜೊತೆ ಅಂಗಳದಲ್ಲಿ, ಬೇಕಾದರೆ ಮಾಸ್ಕ್ ಹಾಕಿಕೊಂಡೇ ಕೂರಿ ಅಂದೆ. ಠಾಣೆಯ ಒಬ್ಬ ಗೆಳೆಯನಿಗೆ ಎಲ್ಲ ಹೇಳಿಕೊಳ್ಳಿ ಅಂದೆ. ಇದಕ್ಕೆ ಒಪ್ಪಲು ಒಂದು ತಿಂಗಳು ಹಿಡಿಯಿತು. "ಇವನಿಗೆ ತಲೆ ಸರಿ ಇಲ್ಲ ಅಂತಾರೆ ಮೇಡಂ" ಅನ್ನುತ್ತಿದ್ದರು. ಹೇಳಿದಾಗ ಆ ಗೆಳೆಯನೂ ಅತ್ತನಂತೆ.

ದೊಡ್ಡಮ್ಮನ ಮನೆಗೆ ಹೋಗಿ ಅಂತ ನಾನು ಒತ್ತಾಯಿಸಲಿಲ್ಲ. ಅಕ್ಟೋಬರಿನಲ್ಲಿ ತಾವೇ ಹೋದರು. ಅವರ ಮಗ ಬೆಲ್ಲ, ನೀರು ತಂದಿಟ್ಟು ಹೇಳಿದರಂತೆ, "ಆ ದಿನ ಅಮ್ಮ ಮನೆಗೆ ಬಂದು ನಿನ್ನದೇ ಮಾತು. ಬಿಸಿಲಲ್ಲಿ ನಿಂತಿದ್ದಾನೆ, ಊಟ ಮಾಡಿದ್ದಾನೋ ಇಲ್ವೋ ಅಂತ."

ಈಗ ಐದಾರು ಗಂಟೆ ನಿದ್ದೆ ಬರುತ್ತದೆ. ಆಂಬುಲೆನ್ಸ್ ಸೈರನ್ ಕೇಳಿದರೆ ಇನ್ನೂ ಬೆಚ್ಚುತ್ತಾರೆ, ಆಗ ನಾಲ್ಕು-ಆರು ಎಣಿಸುತ್ತಾರೆ. ಇಂಥದ್ದೇ ಭಾರ ಹೊತ್ತ ಪೊಲೀಸರು, ಅವರ ಮನೆಯವರು ಕೇರಳದ ದಿಶಾ ಸಹಾಯವಾಣಿ 1056 ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು.