ಸಂಪಾದಕರ ಉತ್ತರ: ವೀರಗಲ್ಲು ಕಾಯುವವರಿಗೆ ಕೆಲಸ ಎಲ್ಲಿದೆ?

ಹಾನಗಲ್ ತಾಲೂಕಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

“ಇತಿಹಾಸ ತಗೊಂಡು ಬಿ.ಎ. ಮುಗಿಸಿದ್ದೇನೆ. ನಮ್ಮೂರ ಕೆರೆ ಏರಿ ಹತ್ತಿರ ನಾಲ್ಕು ವೀರಗಲ್ಲು ಇವೆ. ಒಂದಕ್ಕೆ ಯಾರೋ ಆಯಿಲ್ ಪೇಂಟ್ ಬಳಿದಿದ್ದಾರೆ. ಇನ್ನೊಂದು ರಸ್ತೆ ಕೆಲಸದಲ್ಲಿ ಜೆಸಿಬಿ ತಗುಲಿ ಎರಡು ತುಂಡಾಗಿದೆ. ಇಂಥವನ್ನು ಉಳಿಸುವ ಕೆಲಸವನ್ನೇ ಮಾಡಬೇಕು ಅಂತ ನನಗೆ ಆಸೆ. ಮನೆಯಲ್ಲಿ ಬಿ.ಎಡ್. ಮಾಡು ಅಂತಾರೆ. ಅಣ್ಣ ಗಾರೆ ಕೆಲಸ ಮಾಡ್ತಾನೆ, ‘ಅದರಾಗ ಏನ್ ಸಿಗ್ತದ’ ಅಂತ ಕೇಳ್ತಾನೆ. ಇದನ್ನೆಲ್ಲ ಎಲ್ಲಿ ಕಲಿಯಬೇಕು? ಹೊಟ್ಟೆಪಾಡು ನಡೆಯುತ್ತಾ? ಹೆಣ್ಣುಮಕ್ಕಳಿಗೆ ಆಗುತ್ತಾ?”

ಪ್ರೀತಿಯ ತಂಗಿ,

ಉತ್ತರ ಸ್ವಲ್ಪ ಉದ್ದವಾಗುತ್ತದೆ. ಇದೇ ಪ್ರಶ್ನೆಯನ್ನು ಬೇರೆ ಊರಿನ ಹುಡುಗ ಹುಡುಗಿಯರೂ ಕೇಳುತ್ತಿರುತ್ತಾರೆ. ಹಾಗಾಗಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಕೆಲಸ ಇದೆ. ಆದರೆ ಪುರಾತತ್ವ ಇಲಾಖೆಯ ಒಂದೇ ಬಾಗಿಲ ಮುಂದೆ ಕಾದು ಕೂತರೆ ವರ್ಷಗಳು ಹಾಗೇ ಕಳೆದುಹೋಗುತ್ತವೆ. ಈ ಕ್ಷೇತ್ರದಲ್ಲಿ ನಿಂತವರನ್ನು ನೋಡಿ. ಪ್ರತಿಯೊಬ್ಬರ ಕೈಯಲ್ಲೂ ಒಂದು ಕಸುಬು ಇರುತ್ತದೆ. ಒಬ್ಬರಿಗೆ ಹಳಗನ್ನಡ ಶಾಸನ ಓದಲು ಬರುತ್ತದೆ. ಇನ್ನೊಬ್ಬರಿಗೆ ಸುಣ್ಣದ ಗಾರೆ ಗೊತ್ತು. ಮತ್ತೊಬ್ಬರು ಓಲೆಗರಿಯನ್ನು ಹುಳ ತಿನ್ನದಂತೆ ಕಾಪಾಡಬಲ್ಲರು. ನಿಮ್ಮ ಕಸುಬು ಯಾವುದು ಅಂತ ತೀರ್ಮಾನ ಮಾಡಿಕೊಳ್ಳುವುದೇ ಮೊದಲ ಹೆಜ್ಜೆ. ನೌಕರಿಯ ಮಾತು ಆಮೇಲೆ.

ಅದಕ್ಕೂ ಮುಂಚೆ ನಿಮ್ಮೂರ ಕಲ್ಲುಗಳ ವಿಷಯ. ಅದು ಕಾಯುವಂಥದ್ದಲ್ಲ.

ಪೇಂಟ್ ಬಳಿದ ಕಲ್ಲನ್ನು ನೀವೇ ಉಜ್ಜಲು ಹೋಗಬೇಡಿ. ತಂತಿ ಬ್ರಶ್, ಆಸಿಡ್, ಥಿನ್ನರ್ ಯಾವುದೂ ಬೇಡ. ನಿಮ್ಮ ಭಾಗದ ಗುಡಿಗಳಲ್ಲಿ, ವೀರಗಲ್ಲುಗಳಲ್ಲಿ ಬಳಪದ ಕಲ್ಲು ಜಾಸ್ತಿ. ಅದು ಉಗುರಿಗೂ ಗೀರು ಬೀಳುವಷ್ಟು ಮೆತ್ತಗಿರುತ್ತದೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತ ಇರುತ್ತವೆ. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವ ದೃಶ್ಯ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ, ತುದಿಯಲ್ಲಿ ಸೂರ್ಯ ಚಂದ್ರ. ಅಕ್ಷರ ಇರುವುದು ಈ ಹಂತಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ. ಪೇಂಟ್ ಹೋಗಿ ತುಂಬಿಕೊಳ್ಳುವುದೂ ಅಲ್ಲೇ. ಉಜ್ಜಿದರೆ ಪೇಂಟಿನ ಜೊತೆ ಅಕ್ಷರವೂ ಹೋಗುತ್ತದೆ. ಅದನ್ನು ತೆಗೆಯುವುದು ಕಲ್ಲಿನ ಸಂರಕ್ಷಣೆ ಬಲ್ಲ ಕೆಮಿಸ್ಟ್ ಮಾಡುವ ಕೆಲಸ.

ಮುರಿದ ಕಲ್ಲಿನ ಚೂರು ಚೂರೂ ಒಂದೇ ಕಡೆ ಇರಲಿ. ಊರಿನವರು ಒಳ್ಳೆಯ ಮನಸ್ಸಿನಿಂದಲೇ ಸಿಮೆಂಟ್ ಹಾಕಿ ಅಂಟಿಸೋಣ ಅಂತಾರೆ. ತಡೆಯಿರಿ. ಗ್ರಾಮ ಪಂಚಾಯಿತಿಗೆ, ತಹಶೀಲ್ದಾರರಿಗೆ, ರಾಜ್ಯ ಪುರಾತತ್ವ ಇಲಾಖೆಗೆ ಫೋಟೊ ಸಮೇತ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ನಿಮ್ಮ ಕಲ್ಲುಗಳು ಸಂರಕ್ಷಿತ ಪಟ್ಟಿಯಲ್ಲಿ ಇಲ್ಲದೇ ಇರಬಹುದು. ಕೇಂದ್ರದ ಪಟ್ಟಿಯಲ್ಲಿ ಇಡೀ ದೇಶಕ್ಕೆ 3,600ಕ್ಕೂ ಹೆಚ್ಚು ಸ್ಮಾರಕಗಳಿವೆ, ನಮ್ಮ ರಾಜ್ಯದ ಪಟ್ಟಿಯಲ್ಲಿ 800ಕ್ಕೂ ಹೆಚ್ಚು. ಕೆರೆ ಏರಿ ಮೇಲಿನ ಕಲ್ಲುಗಳೆಲ್ಲ ಅದರಲ್ಲಿ ಎಲ್ಲಿ ಹಿಡಿಸುತ್ತವೆ? ಆದರೂ ಕಾನೂನು ಕೈಬಿಟ್ಟಿಲ್ಲ. ನೂರು ವರ್ಷ ದಾಟಿದ ಶಿಲ್ಪ, ಶಾಸನಗಳು 1972ರ ಪ್ರಾಚ್ಯವಸ್ತು ಕಾಯ್ದೆಯೊಳಗೆ ಬರುತ್ತವೆ. ನೆಲ ಅಗೆಯುವಾಗ ಏನಾದರೂ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕು. ಅರ್ಜಿಯಲ್ಲಿ ಈ ಎರಡು ಕಾಯ್ದೆಯ ಹೆಸರು ಬರೆಯಿರಿ, ಅಧಿಕಾರಿಗಳು ಓದುವ ರೀತಿಯೇ ಬದಲಾಗುತ್ತದೆ.

ಇಂಥ ಕೆಲಸ ಊರಿನವರಿಂದ ಆಗುತ್ತದೆ ಅನ್ನುವುದಕ್ಕೆ ಬೆಂಗಳೂರಿನ ಹೆಬ್ಬಾಳವೇ ಸಾಕ್ಷಿ. 2018ರಲ್ಲಿ ಅಲ್ಲಿ ಅಗೆಯುವಾಗ ಒಂದು ವೀರಗಲ್ಲು ಹೊರಬಂತು. ಕಿಟ್ಟಯ್ಯ ಅನ್ನುವವನು ಕಾದಿ ಸತ್ತ ನೆನಪಿಗೆ ಸುಮಾರು ಕ್ರಿ.ಶ. 750ರಲ್ಲಿ ನಿಲ್ಲಿಸಿದ ಕಲ್ಲು ಅದು. ಶಾಸನಗಳ ಮೇಲೆ ಪ್ರೀತಿ ಇದ್ದ ನಾಗರಿಕರು ಅದನ್ನು ಗುರುತಿಸಿದರು, ಓದಿಸಿದರು. ಬಡಾವಣೆಯ ಜನ ಸೇರಿ ಅದಕ್ಕೆ ಮಂಟಪವನ್ನೇ ಕಟ್ಟಿಸಿದರು. ಆಮೇಲೆ ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುವ ದೊಡ್ಡ ಕೆಲಸ ಕೈಗೆತ್ತಿಕೊಂಡಿತು. ಬರಿಗಣ್ಣಿಗೆ ಕಾಣದ ಸವೆದ ಅಕ್ಷರಗಳೂ ಸ್ಕ್ಯಾನ್‌ನಲ್ಲಿ ಎದ್ದು ಬರುತ್ತವೆ. ಕಂಪ್ಯೂಟರ್ ಬಲ್ಲವರಿಗೆ ಇದು ಹೊಸ ಕಸುಬು.

ನಿಮಗೆ ನನ್ನ ಸಲಹೆ ಕೇಳಿದರೆ, ಶಾಸನ ಓದುವುದನ್ನು ಹಿಡಿಯಿರಿ. ನೀವು ಹುಟ್ಟಿದ ಜಾಗವೇ ಅದಕ್ಕೆ ಸರಿಯಾಗಿದೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದಲ್ಲೇ ಒಳ್ಳೆಯ ವೀರಗಲ್ಲುಗಳಿವೆ, ನೋಡಿರುತ್ತೀರಿ ಅಲ್ವಾ? ಬಂಕಾಪುರ, ಗಳಗನಾಥ, ರಟ್ಟಿಹಳ್ಳಿ ಎಲ್ಲ ನಿಮ್ಮ ಜಿಲ್ಲೆಯಲ್ಲೇ ಇವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರದ ಎಂ.ಎ. ಇದೆ. ಅಲ್ಲೇ 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆಯೂ ಇದೆ. ಮೈಸೂರು ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೂ ಇದನ್ನು ಕಲಿಯಬಹುದು. ಓದು ಬಿಟ್ಟು ಬೇರೆ ನೌಕರಿಯಲ್ಲಿ ಇರುವವರಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ಡಿಪ್ಲೊಮಾ ಅನುಕೂಲ.

ಒಂದು ಶಾಸನ ಸಿಕ್ಕಿತು ಅಂದಾಗ ಮೊದಲು ಕೇಳಬೇಕಾದ್ದು, ಇದನ್ನು ಯಾರಾದರೂ ಆಗಲೇ ಓದಿದ್ದಾರಾ ಅಂತ. ಹಳೆ ಮೈಸೂರಿನವರಿಗೆ ಬಿ.ಎಲ್. ರೈಸ್ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳಿವೆ. ನಿಮ್ಮ ಹಾವೇರಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಹಾಗಾಗಿ ಕೇಂದ್ರ ಪುರಾತತ್ವ ಸರ್ವೇಕ್ಷಣೆ ಪ್ರಕಟಿಸಿದ ದಕ್ಷಿಣ ಭಾರತ ಶಾಸನ ಸಂಪುಟಗಳಲ್ಲಿ 11, 15, 18, 20 ನೋಡಿ. ಧಾರವಾಡದವರು ತಂದ ಸಂಪುಟಗಳನ್ನೂ ನೋಡಿ. ಅಲ್ಲಿ ಇಲ್ಲ ಅಂದರೆ ನಿಮ್ಮದು ಇನ್ನೂ ಯಾರೂ ಓದದ ಶಾಸನ ಇರಬಹುದು. ಹಲ್ಮಿಡಿ ಶಾಸನವೂ ಊರ ವೀರಭದ್ರ ಗುಡಿಯ ಮುಂದೆಯೇ ನಿಂತಿತ್ತು. 1936ರಲ್ಲಿ ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬೀಳುವವರೆಗೆ ಅದರಲ್ಲಿ ಏನಿದೆ ಅಂತ ನಾಡಿಗೆ ಗೊತ್ತಿರಲಿಲ್ಲ.

ಶಾಸನದವರ ಕೈಕೆಲಸ ಅಂದರೆ ಪಡಿಯಚ್ಚು ತೆಗೆಯುವುದು. ನೋಡಲು ಬಹಳ ಚೆನ್ನಾಗಿರುತ್ತದೆ. ಕಲ್ಲನ್ನು ನೀರು ಹಾಕಿ ಮೆತ್ತನೆ ಬ್ರಶ್‌ನಿಂದ ತೊಳೆಯುತ್ತಾರೆ. ಒದ್ದೆ ಮಾಡಿದ ಕಾಗದವನ್ನು ಗುಳ್ಳೆ ಏಳದಂತೆ ಅದರ ಮೇಲೆ ಹರಡುತ್ತಾರೆ. ಆಮೇಲೆ ಗಟ್ಟಿ ಬ್ರಶ್‌ನಿಂದ ಒಂದೇ ಸಮನೆ ಬಡಿಯುತ್ತಾ ಬಂದರೆ ಕಾಗದ ಅಕ್ಷರದ ಗುಂಡಿಗಳೊಳಗೆ ಇಳಿಯುತ್ತದೆ. ಕಾಗದ ಅರೆ ಒಣಗಿದಾಗ ಕಪ್ಪು ಮಸಿಯ ಉಂಡೆಬಟ್ಟೆಯಿಂದ ತಟ್ಟುತ್ತಾರೆ. ಉಬ್ಬಿದ ಭಾಗ ಕಪ್ಪಾಗುತ್ತದೆ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಮಸಿ ಹೆಚ್ಚಾದರೆ ಕಾಗದ ದಾಟಿ ಕಲ್ಲಿಗೆ ಹತ್ತುತ್ತದೆ. ಅದಕ್ಕೇ ಇದನ್ನು ಬಲ್ಲವರ ಪಕ್ಕ ನಿಂತು ಕಲಿಯಬೇಕು, ವಿಡಿಯೊ ನೋಡಿ ಸುಮ್ನೆ ಶುರುಮಾಡಬಾರದು. ಕೇಂದ್ರ ಸರ್ವೇಕ್ಷಣೆಯ ಶಾಸನ ವಿಭಾಗ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ದೇಶದ ಮೂಲೆಮೂಲೆಯ ಪಡಿಯಚ್ಚುಗಳು ಅಲ್ಲಿವೆ.

ಎಂ.ಎ. ಆದಮೇಲೆ ಗ್ರೇಟರ್ ನೋಯ್ಡಾದ ಪಂಡಿತ್ ದೀನದಯಾಳ್ ಉಪಾಧ್ಯಾಯ ಪುರಾತತ್ವ ಸಂಸ್ಥೆಯ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಅರ್ಜಿ ಹಾಕಬಹುದು. ಸೀಟು ಕಡಿಮೆ, ಸ್ಟೈಪೆಂಡ್ ಇದೆ. 2020ರಲ್ಲಿ ದಕ್ಷಿಣದ ಭಾಷೆಗಳನ್ನು ಬಿಟ್ಟಿದ್ದಾರೆ ಅಂತ ಗಲಾಟೆಯಾಗಿ, ಪ್ರಕಟಣೆಯನ್ನು ತಿದ್ದಿ ಕನ್ನಡವನ್ನೂ ಸೇರಿಸಿದರು. ಅಂದರೆ ಕನ್ನಡ ಎಂ.ಎ. ಮಾಡಿದವರಿಗೂ ಆ ದಾರಿ ತೆರೆಯಿತು. ನಮ್ಮ ಎಷ್ಟೋ ವಿದ್ಯಾರ್ಥಿಗಳಿಗೆ ಇದು ಗೊತ್ತೇ ಇಲ್ಲ. ನನಗೆ ನಿಜಕ್ಕೂ ಬೇಸರವಾಗುವುದು ಇಂಥ ಕಡೆ.

ಈಗ ನಿಮ್ಮ ಅಣ್ಣನ ಪ್ರಶ್ನೆ. ಅವರಿಗೆ ಈ ಉತ್ತರವನ್ನು ಓದಿ ಹೇಳಿ. ನಿಮಗಿಂತ ಮೊದಲು ಅವರಿಗೇ ಕೆಲಸ ಸಿಗಬಹುದು!

ಹಳೆಯ ಗುಡಿ, ಕೋಟೆ, ವಾಡೆ, ಕಲ್ಯಾಣಿ ಯಾವುದೇ ದುರಸ್ತಿಗೆ ಸುಣ್ಣದ ಗಾರೆ ಬಲ್ಲವರು ಬೇಕು. ಅವರು ಸುಲಭಕ್ಕೆ ಸಿಗುವುದಿಲ್ಲ. ಎರಡು ತಲೆಮಾರಿನಿಂದ ಎಲ್ಲರೂ ಸಿಮೆಂಟ್ ಹಿಡಿದಿದ್ದಾರೆ. ಹಳೆಯ ಗೋಡೆಗೆ ಸಿಮೆಂಟ್ ಯಾಕೆ ಆಗದು ಅಂದರೆ, ಅದು ಗೋಡೆಗಿಂತ ಗಟ್ಟಿ ಮತ್ತು ತೇವವನ್ನು ಹೊರಗೆ ಬಿಡುವುದಿಲ್ಲ. ನೀರು ಒಳಗೇ ಉಳಿದು, ಉಪ್ಪು ಕಲ್ಲಿನೊಳಗೆ ಹರಳುಗಟ್ಟಿ, ಕಲ್ಲಿನ ಮೈ ಪದರ ಪದರವಾಗಿ ಉದುರುತ್ತದೆ. ಸಿಮೆಂಟ್ ಪಟ್ಟಿ ಹಾಗೇ ಇರುತ್ತದೆ, ಪಕ್ಕದ ಕಲ್ಲು ಹಾಳಾಗಿರುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ. ಆದರೆ ಅದಕ್ಕೆ ತಾಳ್ಮೆ ಬೇಕು. ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ದಿನಗಟ್ಟಲೆ ನೆನೆಯಲು ಬಿಡಬೇಕು. ಮರಳು ಸೇರಿಸಿ ಗಾರೆ ಗಾಣದಲ್ಲಿ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವ ಪದ್ಧತಿಯೂ ಇದೆ. ಬಳಿದ ಮೇಲೆ ಬಿಸಿಲಿಗೆ ಒಣಗದಂತೆ ನೆರಳು ಮಾಡಿ, ನೀರು ಚಿಮುಕಿಸುತ್ತಿರಬೇಕು. ಕರಣೆ ಹಿಡಿದು ಪಳಗಿದ ಕೈಗೆ ಇದನ್ನು ಕಲಿಯುವುದು ಕಷ್ಟವಲ್ಲ. ದುರಸ್ತಿ ನಡೆಯುತ್ತಿರುವ ಯಾವುದಾದರೂ ಸ್ಮಾರಕಕ್ಕೆ ಹೋಗಿ, ಹಿರಿಯ ಕೆಲಸಗಾರರ ಕೈಕೆಳಗೆ ಒಂದು ಹಂಗಾಮು ದುಡಿದರೆ ಕೈ ಕೂಡುತ್ತದೆ. ನಿಮ್ಮ ಭಾಗದ ಸ್ಮಾರಕಗಳನ್ನು ಕೇಂದ್ರ ಸರ್ವೇಕ್ಷಣೆಯ ಧಾರವಾಡ ವೃತ್ತದ ಕಚೇರಿಯವರು ನೋಡಿಕೊಳ್ಳುತ್ತಾರೆ, ಅಲ್ಲಿ ವಿಚಾರಿಸಲಿ. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಬಿದ್ದುಹೋಗುತ್ತಿದ್ದ ಎಷ್ಟೋ ಗುಡಿಗಳನ್ನು ಸರ್ಕಾರ ಮತ್ತು ಊರಿನವರ ಜೊತೆ ಸೇರಿ ಎತ್ತಿ ನಿಲ್ಲಿಸಿದೆ. ಅಲ್ಲೂ ಕಲ್ಲು, ಗಾರೆ ಬಲ್ಲವರು ಬೇಕಾಗುತ್ತಾರೆ. ಕಲ್ಲು, ಮರ ಕೆತ್ತುವುದನ್ನು ಮೊದಲಿನಿಂದ ಕಲಿಯುವವರಿಗೆ ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಇದೆ.

ಕಾಗದ, ಓಲೆಗರಿ, ಚಿತ್ರಪಟಗಳ ಕಡೆ ಒಲವು ಇರುವವರಿಗೆ ದಾರಿ ಬೇರೆ. ಲಖನೌದಲ್ಲಿ 1976ರಲ್ಲಿ ಶುರುವಾದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಶಾಖೆ ಮೈಸೂರಿನಲ್ಲಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಪರಂಪರೆ ಉಳಿಸುವ ಸಂಸ್ಥೆಯಾದ ಇನ್‌ಟ್ಯಾಕ್‌ನ ಸಂರಕ್ಷಣಾ ಕೇಂದ್ರವಿದೆ. ಇವರಿಗೆ ವಿಜ್ಞಾನ ಓದಿದವರು, ಮುಖ್ಯವಾಗಿ ಕೆಮಿಸ್ಟ್ರಿ ಓದಿದವರು ಬೇಕು. ಆರ್ಕಿಟೆಕ್ಚರ್ ಓದಿದವರಿಗೆ ದೆಹಲಿ, ಭೋಪಾಲ್, ಅಹಮದಾಬಾದಿನಲ್ಲಿ ಸಂರಕ್ಷಣೆಯ ಸ್ನಾತಕೋತ್ತರ ಕೋರ್ಸುಗಳಿವೆ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಕಾಯಂ ಹುದ್ದೆಗಳು ಕೇಂದ್ರದಲ್ಲಿ ಯುಪಿಎಸ್‌ಸಿ, ಎಸ್‌ಎಸ್‌ಸಿ ಮೂಲಕ, ರಾಜ್ಯದಲ್ಲಿ ಕೆಪಿಎಸ್‌ಸಿ ಮೂಲಕ ಬರುತ್ತವೆ. ಆದರೆ ಅಪರೂಪ. ಮಿಕ್ಕಿದ್ದು ಹೆಚ್ಚಾಗಿ ಗುತ್ತಿಗೆ ಕೆಲಸ, ಯೋಜನೆ ಮುಗಿದರೆ ಸಂಬಳವೂ ಮುಗಿಯಿತು. ಊರೂರಿನ ಸ್ಮಾರಕಗಳನ್ನು ಪಟ್ಟಿ ಮಾಡುವ ಗ್ರಾಮವಾರು ಸರ್ವೆಯಂಥ ಕೆಲಸಗಳಲ್ಲಿ ಇತಿಹಾಸದ ವಿದ್ಯಾರ್ಥಿಗಳನ್ನು ತಗೊಳ್ಳುವುದುಂಟು, ಕಣ್ಣಿಟ್ಟಿರಿ. 1984ರಲ್ಲಿ ಹುಟ್ಟಿದ ಇನ್‌ಟ್ಯಾಕ್ ಸಂಶೋಧನಾ ವಿದ್ಯಾರ್ಥಿವೇತನ ಕೊಡುತ್ತದೆ. ಕೆಲವು ವರ್ಷ ಅನುಭವ ಆದಮೇಲೆ ಇಂಗ್ಲೆಂಡಿಗೆ ಹೋಗಿ ಕಲಿಯಲು ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ನೆರವಿದೆ, ರೋಮಿನಲ್ಲಿರುವ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ಇಕ್ರಾಮ್‌ನಲ್ಲಿ ತರಬೇತಿಗಳಿವೆ. ಹಾಳಾಗುತ್ತಿರುವ ಹಳೆಯ ದಾಖಲೆಗಳನ್ನು ಡಿಜಿಟಲ್ ಮಾಡಲು ಬ್ರಿಟಿಷ್ ಲೈಬ್ರರಿ 2004ರಿಂದ ಅನುದಾನ ಕೊಡುತ್ತಾ ಬಂದಿದೆ.

ಬಿ.ಎಡ್. ಮಾಡು ಅಂದ ಮನೆಯವರ ಮೇಲೆ ಸಿಟ್ಟಾಗಬೇಡಿ. ನಮ್ಮ ನಾಡಿನ ಎಷ್ಟೋ ಶಾಸನಗಳನ್ನು ಬೆಳಕಿಗೆ ತಂದವರು ಸ್ಕೂಲು, ಕಾಲೇಜಿನ ಮೇಷ್ಟ್ರುಗಳು. ಸಂಬಳ ಒಂದು ಕಡೆ, ಭಾನುವಾರದ ಕ್ಷೇತ್ರಕಾರ್ಯ ಒಂದು ಕಡೆ. ಮೊದಲು ಎಂ.ಎ., ಆಮೇಲೆ ಬೇಕಾದರೆ ಬಿ.ಎಡ್. ಅಂತ ಮನೆಯಲ್ಲಿ ಮಾತಾಡಿ ನೋಡಿ. ನಾನಾಗಿದ್ದರೆ ಅದೇ ಮಾಡುತ್ತಿದ್ದೆ.

ಹೆಣ್ಣುಮಕ್ಕಳಿಗೆ ಆಗುತ್ತಾ ಅಂತ ಕೇಳಿದಿರಿ. ಕೇಂದ್ರ ಪುರಾತತ್ವ ಸರ್ವೇಕ್ಷಣೆಗೆ 1981ರಲ್ಲೇ ದೇಬಲಾ ಮಿತ್ರ ಮಹಾನಿರ್ದೇಶಕಿ ಆಗಿದ್ದರು. ಅಷ್ಟು ದೂರ ಯಾಕೆ, ಹಂಪಿಯ ಶಾಸನಗಳ ಮೇಲೆ ದುಡಿದ ವಸುಂಧರಾ ಫಿಲಿಯೋಜಾ ನಿಮ್ಮ ಹಾವೇರಿಯಲ್ಲೇ ಹುಟ್ಟಿದವರು. ಧಾರವಾಡದಲ್ಲಿ ಓದಿ, ಪ್ಯಾರಿಸ್ಸಿಗೆ ಹೋಗಿ ಡಾಕ್ಟರೇಟ್ ಮಾಡಿದರು. ತುಂಗಭದ್ರೆ ದಡದ ಚೌಡದಾನಪುರದ ಮುಕ್ತೇಶ್ವರ ಗುಡಿಯನ್ನು ಆಮೂಲಾಗ್ರವಾಗಿ ಅಧ್ಯಯನ ಮಾಡಿದವರು ಅವರೇ. ಊರಿಂದ ಊರಿಗೆ ಓಡಾಡುವ ಕೆಲಸ ಇದು, ಕಷ್ಟ ಇದ್ದೇ ಇದೆ. ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ಮೊದಲು ಆ ಊರಿನ ಹಿರಿಯರನ್ನು ಮಾತಾಡಿಸಿ. ಕಲ್ಲಿಗೆ ಪೂಜೆ ಮಾಡುವವರು ಯಾರು ಅಂತ ಕೇಳಿ, ಅವರ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ.

ನೀವು ಕಳಿಸಿದ ಫೋಟೊಗಳು ಮಧ್ಯಾಹ್ನದ ಬಿಸಿಲಲ್ಲಿ ತೆಗೆದವು. ಅಕ್ಷರ ಕಾಣುತ್ತಿಲ್ಲ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ತೆಗೆಯಿರಿ. ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಹಿಡಿದು ತೆಗೆದರೂ ಆಗುತ್ತದೆ. ಅಕ್ಷರಕ್ಕೆ ಸುಣ್ಣ, ಸೀಮೆಸುಣ್ಣ ತುಂಬಬೇಡಿ. ಚೌಕಟ್ಟಿನೊಳಗೆ ಒಂದು ಅಳತೆಪಟ್ಟಿ ಇರಲಿ. ಕಲ್ಲಿನ ಎತ್ತರ ಅಗಲ, ಯಾವ ದಿಕ್ಕಿಗೆ ಮುಖ, ಜಮೀನಿನ ಸರ್ವೆ ನಂಬರ್, ಊರಿನವರು ಅದನ್ನು ಏನಂತ ಕರೆಯುತ್ತಾರೆ, ಇಷ್ಟನ್ನೂ ಬರೆದುಕೊಳ್ಳಿ. ಮುರಿದ ಕಲ್ಲಿನದ್ದೇ ಮೊದಲು ಕಳಿಸಿ. ನಮ್ಮ ಪತ್ರಿಕೆಗೆ ಬರೆಯುವ ಶಾಸನ ತಜ್ಞರಿಗೆ ತೋರಿಸಿ, ಅವರು ಓದಿದ್ದನ್ನು ನಿಮಗೆ ತಿಳಿಸುತ್ತೇನೆ.

— ಸಂಪಾದಕ